ಚಂದ್ರಮತಿಯನ್ನು ಕೇಳಿದವರಾರು?

ಓದಿದ ಪುಸ್ತಕವನ್ನೇ ಮತ್ತೆ ಓದುವುದು, ಕೇಳಿದ ಕಥೆಯನ್ನೇ ಮತ್ತೆ ಕೇಳುವುದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಪುರಾಣ ಪ್ರವಚನದಲ್ಲಿ ಅದೇ ಕಥೆ ವರ್ಷ ವರ್ಷವೂ ಬರುತ್ತಿತ್ತು. ಹೇಳುವವರೂ ಬಹುಮಟ್ಟಿಗೆ ಅವರೇ, ಕೇಳುವವರೂ ಅವರೇ. ಆದರೆ ಚಲನಚಿತ್ರದ ಮಾತು ಹಾಗಿರಲಿಲ್ಲ. ನಮ್ಮ ಬಾಲ್ಯದಲ್ಲಿ ಚಿತ್ರವೆಂಬುದು ಊರಿಗೆ ಬಂದ ನೆಂಟನಂತೆ. ಬಂದಾಗ ಕಾಣಬೇಕು, ಹೋದರೆ ಹೋಯಿತು. ಮತ್ತೆ ಕಾಣುವುದು ಯಾವಾಗಲೋ, ಯಾವ ಊರಿನಲ್ಲೋ. ಆದ್ದರಿಂದ ಎಳವೆಯಲ್ಲಿ ಮೆಚ್ಚಿ ನೋಡಿದ ಚಿತ್ರವು ಪರದೆಯ ಮೇಲೆ ಉಳಿದುದಕ್ಕಿಂತ ಹೆಚ್ಚಾಗಿ ನಮ್ಮ ನೆನಪಿನಲ್ಲಿ ಉಳಿಯಿತು. ನೆನಪು ಅದನ್ನು ತನಗೆ ಬೇಕಾದಂತೆ ತಿದ್ದಿ ತೀಡಿ ಇಟ್ಟುಕೊಂಡಿತು.

ಇಂದು ಕಾಲ ಬದಲಾಗಿದೆ. ಐವತ್ತು ಅರವತ್ತು ವರ್ಷಗಳ ಹಿಂದಿನ ಚಿತ್ರವೂ ಮನೆಯ ದೂರದರ್ಶನ ಪೆಟ್ಟಿಗೆಯಲ್ಲಿ, ಅಂಗೈಯ ಮೊಬೈಲಿನಲ್ಲಿ ಬೇಕೆಂದಾಗ ಕಾಣಸಿಗುತ್ತದೆ. ಹಳೆಯ ಚಿತ್ರವನ್ನು ಮರಳಿ ನೋಡುವುದು ಬರಿಯ ಕಾಲಹರಣವೆಂದು ಕೆಲವರು ತಿಳಿದಾರು. ನಮಗೆ ಹಾಗೆ ತೋರುವುದಿಲ್ಲ. ಚಿತ್ರವು ಇದ್ದಂತೆಯೇ ಇರುತ್ತದೆ. ಅದರಲ್ಲಿ ಒಂದು ಮಾತೂ ಹೆಚ್ಚುವುದಿಲ್ಲ, ಒಂದು ಕಣ್ಣೀರೂ ಕಡಿಮೆಯಾಗುವುದಿಲ್ಲ. ಬದಲಾಗುವವರು ನೋಡುವ ನಾವು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮಕ್ಕಳ ಎತ್ತರವನ್ನು ಗೀಟೆಳೆದು ನೋಡುವಂತೆ, ಹಳೆಯ ಚಿತ್ರಕ್ಕೆ ಒರಗಿ ನಿಂತು ನಮ್ಮ ಬಾಳಿನ ಎತ್ತರವನ್ನು ಅಳೆದುಕೊಳ್ಳಬಹುದು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ವಾಚಕರಿಗೆ ಈ ಮಾತು ಬೇಗ ಮನಸ್ಸಿಗೆ ಬಂದೀತು. ಇಂದು ಈ ಮೂರೂ ತಾಲ್ಲೂಕು ಕೇಂದ್ರಗಳು. ನಮ್ಮ ಎಳವೆಯಲ್ಲಿ ಬೈಂದೂರು ಕುಂದಾಪುರ ತಾಲ್ಲೂಕಿಗೂ ಬ್ರಹ್ಮಾವರ ಉಡುಪಿ ತಾಲ್ಲೂಕಿಗೂ ಸೇರಿದ್ದವು. ಉಡುಪಿ ಜಿಲ್ಲೆಯೆಂಬುದೇ 1997ರಲ್ಲಿ ಆದದ್ದು. ಪೇಟೆಯಿಂದ ದೂರದ ಹಳ್ಳಿಗಳಿಗೆ ಚಿತ್ರವೆಂದರೆ ಟೂರಿಂಗ್ ಟಾಕೀಸಿನ ಡೇರೆ. ಕೊಯ್ಲು ಮುಗಿದು ಒಣಗಿದ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ದೇವರ ಸ್ತುತಿಯ ಹಾಡು ಕೇಳಿಬಂದಿತೆಂದರೆ ಟಿಕೇಟು ಕೊಡಲಾರಂಭಿಸಿದರೆಂದೇ ಅರ್ಥ. ನೆಲ, ಬೆಂಚು, ಕುರ್ಚಿ ಎಂಬ ತರಗತಿಗಳು; ನಡುವೆ ಒಂದು ತಡಿಕೆ ಕಟ್ಟಿ ಹೆಂಗಸರಿಗೆ ಬೇರೆ ಜಾಗ. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವವರೆಗೆ ದೀಪ ಹತ್ತಿಕೊಳ್ಳುವುದು, ಕಡಲೆಕಾಯಿ ಮಾರುವ ಹುಡುಗನ ಕೂಗು, ಮತ್ತೆ ಕತ್ತಲೆ. ಮುಂಗಾರಿನ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ ಅತ್ತ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತಿದ್ದವು, ಇತ್ತ ಡೇರೆಯೂ ಕಂಬ ಕಿತ್ತುಕೊಂಡು ಹೊರಡುತ್ತಿತ್ತು.

ಆ ಡೇರೆಯ ಹೆಂಗಸರ ಜಾಗದಲ್ಲಿ, ತಾಯಿಯವರ ಪಕ್ಕದಲ್ಲಿ ಕುಳಿತು ನಾವು ನೋಡಿದ ಚಿತ್ರಗಳಲ್ಲಿ ಅತ್ಯಂತ ಮೆಚ್ಚಿನದು 'ಸತ್ಯ ಹರಿಶ್ಚಂದ್ರ'. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ, ಕೆ. ವಿ. ರೆಡ್ಡಿಯವರು ನಿರ್ಮಿಸಿದ ಈ ಚಿತ್ರ ತೆರೆಕಂಡದ್ದು 1965ರಲ್ಲಿ. ಹರಿಶ್ಚಂದ್ರನಾಗಿ ರಾಜಕುಮಾರ್, ಚಂದ್ರಮತಿಯಾಗಿ ಪಂಡರೀಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ಸುಡುಗಾಡಿನ ಒಡೆಯ ವೀರಬಾಹುವಾಗಿ ಎಂ. ಪಿ. ಶಂಕರ್. ಆ ವರ್ಷದ ಉತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಬಂದಿತು. ಕಪ್ಪು ಬಿಳುಪಿನಲ್ಲಿದ್ದ ಚಿತ್ರಕ್ಕೆ ಗಣಕಯಂತ್ರದ ಸಹಾಯದಿಂದ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ನಾಡಿನ ಜನ ಮತ್ತೊಮ್ಮೆ ಮುಗಿಬಿದ್ದು ನೋಡಿದರು. ಬಿಡುಗಡೆಯಾಗಿ ನಾಲ್ಕಾರು ವರ್ಷಗಳ ಮೇಲೆ ನಮ್ಮ ಕಡೆಯ ಡೇರೆಗೆ ಬಂದುದು ಆ ಹಳೆಯ ಕಪ್ಪು ಬಿಳುಪಿನ ಪ್ರತಿ. ಅದೂ ಗೀರುಗಳಿಂದ ತುಂಬಿ, ಚಿತ್ರದುದ್ದಕ್ಕೂ ಅಯೋಧ್ಯೆಯಲ್ಲಿ ಸಣ್ಣ ಮಳೆ ಹನಿಯುತ್ತಿರುವಂತೆ ಕಾಣುತ್ತಿತ್ತು.

ಕಥೆ ನಮ್ಮ ಕಡೆಯವರಿಗೆ ಹೊಸದಾಗಿರಲಿಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಅಮೃತೇಶ್ವರಿ ಮೇಳಗಳ ಸೀಮೆ ಇದು. ಬ್ರಹ್ಮಾವರದ ಮಗ್ಗುಲಲ್ಲಿರುವ ಹಾರಾಡಿ, ಮಟಪಾಡಿಗಳ ಹೆಸರಿನಲ್ಲಿ ಯಕ್ಷಗಾನದ ಎರಡು ಶೈಲಿಗಳೇ ಇವೆ. ಹರಿಶ್ಚಂದ್ರನ ಪ್ರಸಂಗವನ್ನು ಬಯಲಾಟದಲ್ಲಿ ಕಂಡು, ತಾಳಮದ್ದಳೆಯಲ್ಲಿ ಕೇಳಿ, ಮುಂದೇನಾಗುವುದೆಂದು ಚೆನ್ನಾಗಿ ತಿಳಿದವರೇ ಡೇರೆಯೊಳಗೆ ಕುಳಿತಿದ್ದರು. ಮುಂದೇನೆಂದು ತಿಳಿದೂ ಅಳುವುದಕ್ಕೆಂದೇ ಬಂದವರು ಅವರು.

ಎಳೆಯರಾದ ನಮಗೆ ಕಂಡ ಚಿತ್ರ ಸರಳವಾಗಿತ್ತು. ರಾಜ ಒಳ್ಳೆಯವನು, ಋಷಿ ಕೆಟ್ಟವನು. ಉದಯಕುಮಾರರ ಕೆಂಗಣ್ಣಿಗೆ ಹೆದರಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದು, ನರಸಿಂಹರಾಜು ಕಾಣಿಸಿಕೊಂಡೊಡನೆ ಮುಖ ಹೊರಗೆ ಹಾಕುವುದು. ಹಾವು ಬಂದಾಗ ಕಾಲುಗಳನ್ನು ಮೇಲಕ್ಕೆಳೆದುಕೊಳ್ಳುವುದು, ಏಕೆಂದರೆ ನಾವು ಕುಳಿತದ್ದು ನೆಲದ ಮೇಲೆ, ಹೊರಗಿದ್ದುದು ಗದ್ದೆ. ಸುಡುಗಾಡಿನಲ್ಲಿ ವೀರಬಾಹುವಿನ ಹಾಡು ಬಂದಾಗ ಗಂಡಸರ ಕಡೆಯಿಂದ ಶಿಳ್ಳೆ, ನಾವೂ ಕುಳಿತಲ್ಲೇ ಕುಣಿತ. ಕೊನೆಯಲ್ಲಿ ಶಿವನು ಪ್ರತ್ಯಕ್ಷನಾಗಿ ಸತ್ತ ಮಗ ಎದ್ದು ಕುಳಿತು, ರಾಜ್ಯ ಮರಳಿ ಬಂದೊಡನೆ ನಮ್ಮ ಲೆಕ್ಕ ಚುಕ್ತವಾಯಿತು. ಕಳೆದದ್ದೆಲ್ಲ ಬಂದ ಮೇಲೆ ದುಃಖಕ್ಕೆ ಏನು ಉಳಿಯಿತು? ಮಕ್ಕಳ ನ್ಯಾಯ ಅಷ್ಟೇ. ಆ ವಯಸ್ಸಿಗೆ ಅದೇ ಸರಿ.

ಕಳೆದ ಆಷಾಢದ ಒಂದು ಸಂಜೆ, ಹೊರಗೆ ಮಳೆ ಬಿಡದೆ ಹೊಯ್ಯುತ್ತಿರುವಾಗ, ಬೆಂಗಳೂರಿನಿಂದ ಬಂದಿದ್ದ ಮೊಮ್ಮಕ್ಕಳೊಡನೆ ಇದೇ ಚಿತ್ರವನ್ನು, ಬಣ್ಣದ ಪ್ರತಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಮೊಮ್ಮಗಳಿಗೆ ಹನ್ನೊಂದು ವರ್ಷ. ರಾಜನು ರಾಜ್ಯವನ್ನು ಬಿಟ್ಟುಕೊಟ್ಟು, ಋಷಿಗೆ ಇನ್ನೂ ಕೊಡಬೇಕಾಗಿ ಉಳಿದ ಹಣಕ್ಕಾಗಿ ಹೆಂಡತಿ ಮಕ್ಕಳೊಡನೆ ಊರು ಬಿಟ್ಟು ಹೊರಟಾಗ ಆಕೆ ಕೇಳಿದಳು: "ಅಜ್ಜಾ, ಕೊಡುತ್ತೇನೆಂದು ಒಪ್ಪುವ ಮೊದಲು ರಾಜ ಚಂದ್ರಮತಿಯನ್ನು ಕೇಳಿದನೇ?"

ಉತ್ತರ ಚಿತ್ರದಲ್ಲಿಲ್ಲ. ಬಯಲಾಟದಲ್ಲಿಯೂ ನಾವು ಕೇಳಿದ ನೆನಪಿಲ್ಲ. ಆದರೆ ಆ ಪ್ರಶ್ನೆ ಬಂದ ಗಳಿಗೆಯಿಂದ ಪರದೆಯ ಮೇಲಿನ ಚಿತ್ರದಲ್ಲಿ ನಮ್ಮ ಕಣ್ಣು ರಾಜನನ್ನು ಬಿಟ್ಟು ರಾಣಿಯ ಮೇಲೆ ನಿಂತಿತು. ಮಾತು ಕೊಟ್ಟವನು ಆತ. ಆದರೆ ಕಾಶಿಯ ಬೀದಿಯಲ್ಲಿ ಮೊದಲು ಮಾರಾಟವಾದವಳು ಈಕೆ. ಆಕೆಯೊಡನೆ ಮಗ. ಆತನು ತನ್ನನ್ನು ಮಾರಿಕೊಂಡದ್ದು ಅನಂತರ. ಬ್ರಾಹ್ಮಣನ ಮನೆಯ ದಾಸಿಯಾಗಿ ದುಡಿದವಳು, ಹಾವು ಕಚ್ಚಿದ ಮಗನನ್ನು ಇರುಳಿನಲ್ಲಿ ಒಬ್ಬಳೇ ಹುಡುಕಿ ಹೋದವಳು, ಹೆಣವನ್ನು ಹೊತ್ತು ಸುಡುಗಾಡಿಗೆ ಬಂದವಳು, ಅಲ್ಲಿ ಸುಂಕ ಕೊಡೆಂದು ಕೇಳಿಸಿಕೊಂಡವಳು, ಕೊನೆಗೆ ಮಾಡದ ಕೊಲೆಯ ಆರೋಪ ಹೊತ್ತು ಗಂಡನ ಕತ್ತಿಗೇ ಕೊರಳೊಡ್ಡಿದವಳು ಆಕೆ. ಹರಿಶ್ಚಂದ್ರನಿಗೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಒಂದು ಆಯ್ಕೆ ಇತ್ತು: ಸುಳ್ಳಾಡಿದರೆ ಬಿಡುಗಡೆ. ಚಂದ್ರಮತಿಗೆ ಆ ಆಯ್ಕೆಯೂ ಇರಲಿಲ್ಲ. ಸತ್ಯದ ಕೀರ್ತಿ ಆತನದು. ಅದರ ಬೆಲೆಯಲ್ಲಿ ಬಹುಪಾಲು ಆಕೆಯದು.

ಈ ಮಾತನ್ನು ನಾವು ಇಂದು ಹೊಸದಾಗಿ ಹೇಳುತ್ತಿಲ್ಲ. ಆ ರಾತ್ರಿ ಚಿತ್ರ ಬಿಟ್ಟು ಲಾಟೀನಿನ ಬೆಳಕಿನಲ್ಲಿ ಗದ್ದೆಯ ಅಂಚಿನ ಮೇಲೆ ಮನೆಗೆ ಬರುವಾಗ ನೆರೆಮನೆಯ ಮುದುಕಿಯೊಬ್ಬರು ಆಡಿದ ಮಾತು ಕಿವಿಯಲ್ಲಿ ಉಳಿದಿತ್ತು: "ಸತ್ಯ ಅವಂದ್, ಕಷ್ಟ ಅವ್ಳದ್." ಹೆಂಗಸರೆಲ್ಲ ಹೌದೆಂದು ತಲೆದೂಗಿದ್ದರು. ಗಂಡಸರು ಮುಂದೆ ನಡೆಯುತ್ತಿದ್ದರು. ಅವರಿಗೆ ಅದು ಕೇಳಿಸಿರಲಾರದು. ಅಕ್ಷರ ಕಲಿಯದ ಆ ತಾಯಿ ಒಂದೇ ಸಾಲಿನಲ್ಲಿ ಹೇಳಿದ್ದ ವಿಮರ್ಶೆಯ ಅರ್ಥ ಪೂರ್ತಿಯಾಗಿ ನಮಗೆ ತೆರೆದುಕೊಳ್ಳಲು ಅರ್ಧ ಶತಮಾನದ ಬಾಳು ಬೇಕಾಯಿತು.

ಇನ್ನೂ ಒಂದು ಸಂಗತಿ ಈ ಬಾರಿ ಸ್ಪಷ್ಟವಾಯಿತು. ಅಂದು ನಮ್ಮ ತಾಯಿಯವರು ಅತ್ತದ್ದು ಎಲ್ಲರಂತೆ ಲೋಹಿತಾಶ್ವನ ಮರಣದ ದೃಶ್ಯದಲ್ಲಲ್ಲ. ಕಾಶಿಯ ಬೀದಿಯಲ್ಲಿ ಚಂದ್ರಮತಿಗೆ ಬೆಲೆ ಕಟ್ಟುವ ದೃಶ್ಯದಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಮನೆಯಲ್ಲಿ ಒಂದು ಘಟನೆ ನಡೆದಿತ್ತು. ನಮ್ಮ ತಂದೆಯವರದು ಸಣ್ಣ ದಿನಸಿ ಅಂಗಡಿ. ಸ್ನೇಹಿತರೊಬ್ಬರು ಮಾಡಿದ ಸಾಲಕ್ಕೆ ಅವರು ಜಾಮೀನು ನಿಂತಿದ್ದರು. ಸ್ನೇಹಿತರು ಒಂದು ರಾತ್ರಿ ಮುಂಬಯಿಯ ಬಸ್ಸು ಹತ್ತಿದವರು ಮರಳಿ ಬರಲಿಲ್ಲ. ಸಾಲ ತೀರಿಸಬೇಕಾದುದು ಕಾಗದದ ಮೇಲೆ ರುಜು ಹಾಕಿದವರು. ತಂದೆಯವರು ಒಂದು ಮಾತೂ ಎದುರಾಡದೆ ಕಾಸು ಕಾಸು ತೀರಿಸಿದರು. ಊರಿನವರು ಅವರನ್ನು 'ನಮ್ಮ ಹರಿಶ್ಚಂದ್ರ' ಎಂದು ಕೊಂಡಾಡಿದರು. ಆ ಹೆಸರು ಅವರ ಕೊನೆಯ ದಿನದವರೆಗೂ ಉಳಿಯಿತು. ಆದರೆ ಆ ಸಾಲ ತೀರಿದ್ದು ತಾಯಿಯವರ ಎರಡು ಜತೆ ಬಳೆಗಳಿಂದ, ತವರಿನವರು ಹಾಕಿದ್ದ ಅವಲಕ್ಕಿ ಸರದಿಂದ. ಏಳನೆಯ ತರಗತಿ ಮುಗಿಸಿದ್ದ ಅಕ್ಕನನ್ನು ಪ್ರೌಢಶಾಲೆಗೆ ಕಳುಹಿಸುವುದು ಆ ವರ್ಷ ನಿಂತುಹೋಯಿತು, ಮತ್ತೆ ಆರಂಭವಾಗಲಿಲ್ಲ.

ತಂದೆಯವರ ನಡತೆ ದೊಡ್ಡದು. ಅದನ್ನು ಇಂದಿಗೂ ಹೆಮ್ಮೆಯಿಂದಲೇ ನೆನೆಯುತ್ತೇವೆ. ಕೊಟ್ಟ ಮಾತಿಗೆ ತಪ್ಪದ ಮನೆತನವೆಂಬ ಹೆಸರಿನ ನೆರಳಿನಲ್ಲಿ ನಾವು ಬೆಳೆದೆವು. ಅಂಗಡಿಗೆ ಸರಕು ಕಡವಾಗಿ ಸಿಕ್ಕಿದ್ದೂ, ಮುಂದೆ ನಮಗೆ ನೌಕರಿ ದೊರೆತದ್ದೂ ಆ ಹೆಸರಿನಿಂದಲೇ. ಆದರೆ ರುಜು ಹಾಕುವ ಮೊದಲು ತಾಯಿಯವರನ್ನು ಕೇಳಿದವರಿಲ್ಲ, ಸರ ಕೊಟ್ಟ ಮೇಲೆ ಅವರನ್ನು ಕೊಂಡಾಡಿದವರೂ ಇಲ್ಲ. ಒಂದೇ ಸಾಲವನ್ನು ಇಬ್ಬರು ತೀರಿಸಿದರು. ಊರು ಒಬ್ಬರ ಹೆಸರಿಗೆ ಜಮೆ ಹಾಕಿತು.

ಆಷಾಢದ ಆ ರಾತ್ರಿಯೇ ಬ್ರಹ್ಮಾವರದಲ್ಲಿರುವ ಅಕ್ಕನಿಗೆ ದೂರವಾಣಿ ಮಾಡಿ, ಆ ಚಿತ್ರದಲ್ಲಿ ನಿನಗೆ ನೆನಪಿರುವುದೇನೆಂದು ಕೇಳಿದೆವು. ಆಕೆಗೆ ರಾಜನೂ ನೆನಪಿಲ್ಲ, ರಾಣಿಯೂ ಅಷ್ಟಾಗಿ ಇಲ್ಲ. ತಾಯಿಯನ್ನು ಕೊಂಡವನ ಹಿಂದೆ ಮಗುವೂ ಸುಮ್ಮನೆ ನಡೆದು ಹೋಯಿತಲ್ಲ, ಅದೊಂದೇ ನೆನಪೆಂದಳು. ಮೂವರು ಒಂದೇ ಡೇರೆಯಲ್ಲಿ, ಒಂದೇ ಚಾಪೆಯ ಮೇಲೆ ಕುಳಿತು ನೋಡಿದ ಚಿತ್ರ. ನಾವು ನೋಡಿದ್ದು ರಾಜನನ್ನು, ತಾಯಿಯವರು ನೋಡಿದ್ದು ಚಂದ್ರಮತಿಯನ್ನು, ಅಕ್ಕ ನೋಡಿದ್ದು ಲೋಹಿತಾಶ್ವನನ್ನು.

ಹೆಂಗಸರು ಚಿತ್ರಮಂದಿರದಿಂದ ಮನೆಗೆ ಏನನ್ನು ಕೊಂಡೊಯ್ದರೆಂಬುದನ್ನು ಯಾವ ಪತ್ರಿಕೆಯೂ ಆಗ ಬರೆಯಲಿಲ್ಲ. ಬರೆದವರು ನಮ್ಮ ಕುಂದಾಪುರದಲ್ಲೇ ಹುಟ್ಟಿದ ಲೇಖಕಿ ವೈದೇಹಿಯವರು. ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2008ರಲ್ಲಿ 'ಗುಲಾಬಿ ಟಾಕೀಸ್' ಎಂಬ ಚಿತ್ರವನ್ನು ಮಾಡಿದರು. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಕೃತಜ್ಞತೆಯಾಗಿ ದೊರೆತ ಟಿ.ವಿ. ಆಕೆಯ ಗುಡಿಸಲಿಗೆ ಬಂದ ಮೇಲೆ ಊರಿನ ಹೆಂಗಸರು ಅಲ್ಲಿ ನೆರೆಯುತ್ತಾರೆ. ಗುಲಾಬಿಯ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಪರದೆಯ ಮುಂದೆ ಕುಳಿತ ಹೆಣ್ಣಿಗೆ ತನ್ನ ಬಾಳನ್ನು ಕುರಿತು ಯೋಚಿಸಲು ಕತ್ತಲೆಯಲ್ಲಿ ಸಿಗುವ ಆ ಎರಡು ಮೂರು ತಾಸು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಆ ಚಿತ್ರ ನೋಡಿದವರು ಬಲ್ಲರು. ನಮ್ಮ ತಾಯಿಯವರಿಗೆ ಹಗಲಿನಲ್ಲಿ ಅಳಲು ಹೊತ್ತಿರಲಿಲ್ಲ. ಡೇರೆಯ ಕತ್ತಲೆ ಆ ಹೊತ್ತನ್ನು ಕೊಟ್ಟಿತು.

ಚಂದ್ರಮತಿಯ ದುಃಖವನ್ನು ನಮ್ಮ ನಾಡು ಬಹುಕಾಲ ಗಂಡಸರ ಕಂಠದಿಂದಲೇ ಕೇಳಿತೆಂಬುದೂ ಇಲ್ಲಿ ನೆನೆಯತಕ್ಕ ವಿಷಯ. ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುತ್ತಿದ್ದವರು ಗಂಡಸರು. ಭಾರತದ ಮೊದಲ ಕಥಾಚಿತ್ರವೆನಿಸಿದ, 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು ತೆಗೆದ 'ರಾಜಾ ಹರಿಶ್ಚಂದ್ರ'ದಲ್ಲಿಯೂ ರಾಣಿಯ ಪಾತ್ರಕ್ಕೆ ಹೆಂಗಸರು ಯಾರೂ ಮುಂದೆ ಬಾರದೆ, ಅಣ್ಣಾ ಸಾಳುಂಕೆ ಎಂಬ ಯುವಕನೇ ಸೀರೆಯುಟ್ಟು ನಟಿಸಬೇಕಾಯಿತು. ಅಂಥ ಪಾತ್ರ 1965ರ ಚಿತ್ರದಲ್ಲಿ ಪಂಡರೀಬಾಯಿಯವರ ಪಾಲಿಗೆ ಬಂದಿತು. ಅವರು ಹುಟ್ಟಿದ್ದು ಬೈಂದೂರಿನಿಂದ ಉತ್ತರಕ್ಕೆ ಅನತಿದೂರದಲ್ಲಿರುವ ಭಟ್ಕಳದಲ್ಲಿ. ಹರಿಕಥೆಯಿಂದ ರಂಗಭೂಮಿಗೂ ಅಲ್ಲಿಂದ ಚಿತ್ರರಂಗಕ್ಕೂ ನಡೆದುಬಂದವರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರರಿಗೆ ಮೊದಲ ನಾಯಕಿಯಾದವರು. ಮರಳಿ ನೋಡುವಾಗ ಅವರ ಅಭಿನಯದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಅಳುವಲ್ಲ, ಅಳುವಿನ ಮುಂಚಿನ ಮೌನ. ಎಳವೆಯಲ್ಲಿ ಅದು ಕಣ್ಣಿಗೆ ಬೀಳುವಂಥದಲ್ಲ. ಅಂಥ ಮೌನವನ್ನು ಮನೆಯಲ್ಲಿ ಕಂಡು ಬಾಳಿದ ಮೇಲೆಯೇ ಪರದೆಯ ಮೇಲೆ ಕಾಣುತ್ತದೆ.

ಇನ್ನು ಎರಡನೆಯ ಮಾತು, ನಮ್ಮ ಮನೆತನಗಳಿಗೆ ಹತ್ತಿರದ ಮಾತು. ಈ ಚಿತ್ರದ ಹಿಂದಿರುವುದು ಹದಿಮೂರನೆಯ ಶತಮಾನದ ಕವಿ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'. ಹಂಪೆಯ ಹರಿಹರನ ಸೋದರಳಿಯ, ಶಿಷ್ಯ ಈತ. ಆ ಕಾವ್ಯದಲ್ಲಿ ರಾಜನ ಕಷ್ಟಪರಂಪರೆ ಆರಂಭವಾಗುವುದು ಒಂದು ಕುಲದ ಪ್ರಶ್ನೆಯಿಂದ. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಇಬ್ಬರು ಅನಾಮಿಕೆಯರು ರಾಜನ ಮುಂದೆ ಹಾಡಿ ಮೆಚ್ಚಿಸುತ್ತಾರೆ. ಅವರ ಹಾಡನ್ನು ಕಿವಿ ಮೆಚ್ಚಿತು, ರೂಪವನ್ನು ಕಣ್ಣು ಮೆಚ್ಚಿತು. ಆದರೆ ತಮ್ಮನ್ನು ಮದುವೆಯಾಗೆಂದು ಕೇಳಿದಾಗ ಕುಲ ಅಡ್ಡ ಬಂದಿತು. ಅವರು ಹೂಡುವ ವಾದಕ್ಕೆ ಸರಿಯಾದ ಉತ್ತರ ರಾಜನ ಬಳಿ ಇಲ್ಲ. ಕೊನೆಗೆ ಆತ ಅವರನ್ನು ವರಿಸುವುದಕ್ಕಿಂತ ರಾಜ್ಯವನ್ನೇ ಬಿಟ್ಟುಕೊಡುವುದು ಲೇಸೆಂದು ಬಗೆಯುತ್ತಾನೆ. ಮುಂದೆ ಅದೇ ರಾಜನು ಕಾಶಿಯ ಸುಡುಗಾಡಿನಲ್ಲಿ ವೀರಬಾಹುವಿಗೆ ಆಳಾಗಿ, ಆತನ ಆಜ್ಞೆಯಂತೆ ಹೆಣಗಳ ಸುಂಕ ವಸೂಲಿ ಮಾಡಬೇಕಾಗುತ್ತದೆ. ಯಾರ ಕೈ ಹಿಡಿಯಲಾರೆನೆಂದನೋ ಅವರ ಕಡೆಯವನ ಕೈಯ ಅನ್ನ ಆತನ ಪಾಲಿಗೆ ಬಂದಿತು.

ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರು ಬೀಗರಾದ ಕಥೆಯನ್ನು ಕೇಳಿ ಬೆಳೆದ ಪರಂಪರೆಯ ಕವಿ ರಾಘವಾಂಕ. ಆತ ಈ ಎರಡು ದೃಶ್ಯಗಳನ್ನು ಕಾವ್ಯದ ಎರಡು ತುದಿಗಳಲ್ಲಿ ಸುಮ್ಮನೆ ಇಟ್ಟಿರಲಾರ. ಚಿತ್ರದಲ್ಲಿ ವೀರಬಾಹುವಿನ ಬಾಯಲ್ಲಿ ಬರುವ ಕುಲದ ಹಾಡು, ಹುಣಸೂರರು ಬರೆದು ಘಂಟಸಾಲರು ಹಾಡಿದ್ದು, ಆ ಎರಡನೆಯ ತುದಿಯನ್ನೇ ಹಿಡಿದು ಜಗ್ಗುತ್ತದೆ. ಎಳವೆಯಲ್ಲಿ ಅದು ನಮಗೆ ಕುಣಿಸುವ ಹಾಡು. ಇಂದು ಕೇಳಿದರೆ, ಸುಡುಗಾಡಿನಲ್ಲಿ ನಿಂತವನೊಬ್ಬ ಊರಿನೊಳಗಿನವರನ್ನು ನಿಲ್ಲಿಸಿ ಕೇಳುವ ಪ್ರಶ್ನೆ.

ಆ ಹಾಡನ್ನು ಗುನುಗದ ಮನೆ ನಮ್ಮಲ್ಲಿ ಉಂಟೇ? ಆದರೆ ಮನೆಗೆ ಮದುವೆಯ ಪ್ರಸ್ತಾಪ ಬಂದಾಗ ಅದೇ ಬಾಯಿ ಮೊದಲು ಕೇಳುವುದು ಒಳಪಂಗಡವನ್ನು. ಕರಾವಳಿಯಲ್ಲಿ ನಮ್ಮ ಮನೆಗಳು ಅಲ್ಲೊಂದು ಇಲ್ಲೊಂದು. ವರನನ್ನೋ ವಧುವನ್ನೋ ಹುಡುಕಲು ಘಟ್ಟ ಹತ್ತಿ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಗಳವರೆಗೂ ಹೋಗುವ ಹಿರಿಯರು, ಹುಡುಗನ ಗುಣ ಸರಿಯಿದೆ, ಓದು ಸರಿಯಿದೆ, ಮನೆ ಸರಿಯಿದೆ, ಆದರೆ 'ಅವರು ನಮ್ಮೊಳಗಿನವರಲ್ಲ' ಎಂದು ಮರಳಿ ಬರುವುದನ್ನು ನಾವು ಕಾಣುತ್ತಲೇ ಇದ್ದೇವೆ. ಹಾಡನ್ನು ಮೆಚ್ಚಿ ಹಾಡಿದವರನ್ನು ನಿರಾಕರಿಸಿದ ರಾಜನಿಗೂ ನಮಗೂ ಎಷ್ಟು ಅಂತರ? ಈ ಪ್ರಶ್ನೆಯನ್ನು ವಾಚಕರು ತಮ್ಮ ತಮ್ಮ ಮನೆಯ ಜಗಲಿಯ ಮೇಲೆ ಕುಳಿತು ಚರ್ಚಿಸಲಿ.

ಹಾಗಾದರೆ ಹರಿಶ್ಚಂದ್ರನ ಕಥೆ ಕೈಬಿಡತಕ್ಕದ್ದೇ? ಎಂದಿಗೂ ಅಲ್ಲ. ಮಹಾತ್ಮಾ ಗಾಂಧಿಯವರು ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ ಮನಸೋತು, ಅದನ್ನು ಮನಸ್ಸಿನಲ್ಲೇ ಎಷ್ಟೋ ಬಾರಿ ಆಡಿಕೊಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಲ್ಲರೂ ಹರಿಶ್ಚಂದ್ರನಂತೆ ಏಕೆ ಇರಬಾರದೆಂಬುದು ಹುಡುಗನಾಗಿದ್ದ ಅವರ ಪ್ರಶ್ನೆ. ಹರಿಶ್ಚಂದ್ರನೆಂಬ ವ್ಯಕ್ತಿ ಚರಿತ್ರೆಯಲ್ಲಿ ಇದ್ದಿರಲಾರನೆಂದು ಬೆಳೆದ ಮೇಲೆ ಬುದ್ಧಿ ಹೇಳಿದರೂ, ತಮ್ಮ ಪಾಲಿಗೆ ಆತ ಜೀವಂತ ಸತ್ಯವೇ ಆಗಿದ್ದಾನೆ, ಆ ನಾಟಕವನ್ನು ಈಗ ಓದಿದರೂ ಮೊದಲಿನಂತೆಯೇ ಮನ ಕರಗುವುದೆಂದು ಅವರು ಹೇಳಿಕೊಂಡಿದ್ದಾರೆ. ಎಳವೆಯ ಮೆಚ್ಚುಗೆ ದೊಡ್ಡವರಾದ ಮೇಲೂ ಉಳಿಯುವುದು ಹೀಗೆ: ಕಣ್ಣು ಮುಚ್ಚಿಕೊಂಡಲ್ಲ, ಕಣ್ಣು ತೆರೆದುಕೊಂಡು.

ನಮಗೂ ಈ ಬಾರಿ ಮನ ಕರಗಿತು. ರಾಜಕುಮಾರರು ಮಗನ ಹೆಣದ ಮುಂದೆ ನಿಂತು ಒಡೆಯನಿಗೆ ಸಲ್ಲಬೇಕಾದ ಸುಂಕವನ್ನು ಕೇಳುವಾಗ, ಆ ಮುಖದಲ್ಲಿ ತಂದೆಯೂ ಆಳೂ ಒಂದೇ ಗಳಿಗೆಯಲ್ಲಿ ಕಾಣುತ್ತಾರೆ. ಆತ ಹೆಂಡತಿ ಮಕ್ಕಳನ್ನು ಮಾತ್ರ ಕಷ್ಟಕ್ಕೆ ನೂಕಿ ತಾನು ಮೇಲೆ ನಿಂತವನಲ್ಲ. ತನ್ನನ್ನೂ ಮಾರಿಕೊಂಡವನು, ತನಗೂ ರಿಯಾಯಿತಿ ತೋರದವನು. ಅದಕ್ಕೇ ಆ ಕಥೆ ನೂರಾರು ವರ್ಷ ನಿಂತಿದೆ. ಚಂದ್ರಮತಿಯನ್ನು ಕಾಣುವುದರಿಂದ ಹರಿಶ್ಚಂದ್ರ ಸಣ್ಣವನಾಗುವುದಿಲ್ಲ. ಸತ್ಯವೆಂಬುದು ಒಬ್ಬನ ತಲೆಯ ಕಿರೀಟವಲ್ಲ, ಒಂದು ಸಂಸಾರವೆಲ್ಲ ಹೊರುವ ಹೊರೆ ಎಂಬುದು ಮಾತ್ರ ತಿಳಿಯುತ್ತದೆ. ಹೊರೆ ಎಲ್ಲರದಾದರೆ, ಅದನ್ನು ತಲೆಗೇರಿಸಿಕೊಳ್ಳುವ ಮೊದಲಿನ ಮಾತುಕತೆಯೂ ಎಲ್ಲರದಾಗಬೇಕು.

ಜಾಮೀನಿನ ಕಾಗದ, ಮನೆಯ ಮೇಲಿನ ಸಾಲ, ಮಗಳ ಮದುವೆಗೆ ಕೊಟ್ಟ ಮಾತು, ಅಂಗಡಿಯ ಪಾಲುದಾರಿಕೆ, ದೇವಸ್ಥಾನಕ್ಕೋ ಮಠಕ್ಕೋ ಸಭೆಯಲ್ಲಿ ಘೋಷಿಸಿಬಿಡುವ ದೇಣಿಗೆ: ಇಂದಿಗೂ ನಮ್ಮ ಮನೆಗಳಲ್ಲಿ ಇವೆಲ್ಲ ಒಬ್ಬರ ಬಾಯಿಂದ ಹೊರಟು ನಾಲ್ವರ ಕೈಯಿಂದ ತೀರುತ್ತವೆ. ಮಾತು ಕೊಟ್ಟ ಮೇಲೆ ನಡೆಸಿಕೊಡುವುದು ಧರ್ಮ. ಕೊಡುವ ಮೊದಲು ಅಡುಗೆಮನೆಯ ಬಾಗಿಲವರೆಗೆ ಹೋಗಿ ಕೇಳಿಬರುವುದೂ ಧರ್ಮವೇ. ಒಪ್ಪಿ ಕಳಚಿಕೊಟ್ಟ ಬಳೆಗೂ, ಕೇಳದೆ ತೆಗೆದುಕೊಂಡ ಬಳೆಗೂ ತೂಕ ಒಂದೇ ಇರಬಹುದು. ಕೈಗೆ ಆಗುವ ನೋವು ಒಂದೇ ಅಲ್ಲ.

ಕಡೆಯದಾಗಿ ವಾಚಕರಲ್ಲಿ ಒಂದು ವಿನಂತಿ. ಕರಾವಳಿಯಲ್ಲಿ ಮಳೆಗಾಲದ ಸಂಜೆಗಳಿಗೆ ಕೊರತೆಯಿಲ್ಲ. ತಾವು ಎಳವೆಯಲ್ಲಿ ಮೆಚ್ಚಿದ ಚಿತ್ರ ಯಾವುದಿದ್ದರೂ ಸರಿ, ಅದನ್ನು ಒಮ್ಮೆ ಮನೆಮಂದಿಯೆಲ್ಲ ಕುಳಿತು ನೋಡಿರಿ. ಮೊಬೈಲಿನಲ್ಲಿ ಒಬ್ಬೊಬ್ಬರೇ ಅಲ್ಲ. ಡೇರೆಯಲ್ಲಿ ಕುಳಿತಂತೆ, ಒಂದೇ ಚಾಪೆಯ ಮೇಲೆ. ಮಕ್ಕಳು ನಡುವೆ ಪ್ರಶ್ನೆ ಕೇಳಿದರೆ ಸುಮ್ಮನಿರೆಂದು ಗದರದಿರಿ. ಚಿತ್ರ ಮುಗಿದ ಮೇಲೆ ಮನೆಯ ಹಿರಿಯ ಹೆಂಗಸರನ್ನು, ಅಜ್ಜಿಯೋ ಅತ್ತೆಯೋ ಅಕ್ಕನೋ, ಇದನ್ನು ಮೊದಲ ಸಲ ನೋಡಿದಾಗ ನಿಮಗೆ ಏನು ಕಂಡಿತ್ತೆಂದು ಕೇಳಿರಿ. ಕೇಳಿ, ಅವರು ಹೇಳಿ ಮುಗಿಸುವವರೆಗೆ ಕಾಯಿರಿ. ನಮ್ಮ ತಾಯಿಯವರನ್ನು ಕೇಳಲು ಈಗ ಅವರಿಲ್ಲ. ನಿಮ್ಮ ಮನೆಯಲ್ಲಿ ಕೇಳತಕ್ಕವರು ಇನ್ನೂ ಇದ್ದಾರೆ.